ನಾಲ್ಕೂ ಹತ್ತರ ನೆರಳು

ತನ್ನ ಅತ್ತಿಗೆಯನ್ನು ಗಾಜಿನ ಕಪಾಟಿನಲ್ಲಿಟ್ಟು ಮಾರಬೇಕಾಗಿ ಬಂದಿದ್ದರೆ ವಾಚಿನ ವ್ಯಾಪಾರಿ ಚೀಟಿಯಲ್ಲಿ ಹೀಗೆ ಬರೆಯುತ್ತಿದ್ದ: ವಯಸ್ಸು ಅರವತ್ತೊಂದು. ಹೊರಮೈ ತುಂಬ ಗೀರು, ಒಳಗಿನ ಸ್ಪ್ರಿಂಗ್ ಮಾತ್ರ ಬಿಗಿ. ಪಾಲಿಶ್ ಹಿಡಿಯುವುದಿಲ್ಲ. ಸದ್ದು ಜಾಸ್ತಿ. ಅಣ್ಣ ಸತ್ತ ಮೇಲೆ ಅಂಗಡಿಯ ಜೊತೆಗೇ ಬಂದ ಸರಕು ಅದು. ಹಿಂದಿನ ಕೋಣೆಯಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಳೆಯ ಡಯಲ್‌ಗಳನ್ನು ದುರಸ್ತಿ ಮಾಡುತ್ತ, ಮೈದುನನ ಬೆಲೆಯನ್ನು ದಿನಕ್ಕೆ ನಾಲ್ಕು ಸಲ ಇಳಿಸುತ್ತಿತ್ತು.

ಹಳೆಯ ವಾಚುಗಳ ಅಂಕಿ, ಮುಳ್ಳುಗಳಿಗೆ ಬಳಿಯುತ್ತಿದ್ದ, ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣದ ನಾಡಿಮಿಡಿತ ಅವಳಿಗೆ ಗೊತ್ತು. ಬಳಿದಾಗ ಬೆಳ್ಳಗಿದ್ದದ್ದು ವರ್ಷ ಕಳೆದಂತೆ ಕೆನೆಯಾಗಿ, ಜೇನಾಗಿ, ಕೊನೆಗೆ ಸೀದ ಸಕ್ಕರೆಯಂತಾಗುತ್ತದೆ, ಹೊಳಪು ಆರಿಹೋಗುತ್ತದೆ. ಆ ಕಂದು ಬಣ್ಣಕ್ಕೇ ವಾಚಿನ ಹುಚ್ಚರು ಮುಗಿಬೀಳುತ್ತಾರೆ.

ಆ ವಾರ ಕಪಾಟಿನಲ್ಲಿದ್ದ ವಾಚಿನ ಡಯಲ್ ಅಸಲಿ. ಮುಳ್ಳುಗಳು ಮಾತ್ರ ಎಲ್ಲಿಂದಲೋ ತಂದು ಹಾಕಿದವು. ಅತ್ತಿಗೆ ಊಟಕ್ಕೆ ಹೋದ ಹೊತ್ತು ನೋಡಿ ವ್ಯಾಪಾರಿ ಅವಕ್ಕೆ ಹೊಸ ಹೊಳೆಯುವ ಬಣ್ಣ ತುಂಬಿ, ಮೇಲೆ ಚಹಾದ ಡಿಕಾಕ್ಷನ್ ಸವರಿ ಕಂದಿಗೆ ಕಂದು ಕೂಡಿಸಿದ್ದ.

ಕೊಳ್ಳಲು ಬಂದವನು ಹಡಗಿನ ಎಂಜಿನ್‌ಗಳ ಜೊತೆ ಮೂವತ್ತು ವರ್ಷ ಕಳೆದ ಮುದುಕ. ಅವನು ಒಳ್ಳೆಯ ಮಾತಾಡಿದರೆ ಊರಿನ ವಾಚು ಹುಚ್ಚರೆಲ್ಲ ಆ ಅಂಗಡಿಗೆ ಬರುತ್ತಾರೆ, ಮೂಗು ಮುರಿದರೆ ಆ ಬೀದಿಗೇ ಕಾಲಿಡುವುದಿಲ್ಲ.

"ಮುಳ್ಳೂ ಮೂಲದ್ದೇನಾ?"

"ಹುಟ್ಟಿದಾಗಿನಿಂದ ಒಂದೇ ಮನೇಲಿವೆ ಸರ್" ಎಂದ ವ್ಯಾಪಾರಿ.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. "ಇಲ್ಲ. ಹೋದ ವಾರ ಮನೆ ತುಂಬಿಸಿಕೊಂಡಿದ್ದು."

"ಅತ್ತಿಗೆ, ಒಳಗೆ ಕೆಲಸ ಇಲ್ವಾ ನಿಮಗೆ?"

"ಇದೇ ಕೆಲಸ." ಅವಳು ಮಸೂರವನ್ನು ಮುದುಕನ ಕೈಗಿಟ್ಟಳು. "ನಾಲ್ಕೂ ಹತ್ತರ ಜಾಗ ನೋಡಿ. ವಾಚು ವರ್ಷಗಟ್ಟಲೆ ಅಲ್ಲೇ ನಿಂತಿತ್ತು. ಹಳೇ ಮುಳ್ಳಿನ ಬಣ್ಣ ಡಯಲ್ ಸುಟ್ಟು ನೆರಳು ಬಿಟ್ಟಿದೆ. ಎಲೆ ಥರ ಅಗಲ. ಈಗಿರೋದು ಕಡ್ಡಿ ಮುಳ್ಳು. ಕಡ್ಡಿಗೆ ಎಲೆ ನೆರಳು ಬೀಳುತ್ತಾ?"

ಮುದುಕ ಜೇಬಿನಿಂದ ಪೆನ್ನಿನಷ್ಟುದ್ದದ ನೇರಳೆ ದೀಪ ತೆಗೆದು ವಾಚಿನ ಮೇಲೆ ಹಿಡಿದ, ಆರಿಸಿದ, ಅಂಗೈ ಮರೆ ಮಾಡಿದ. ಡಯಲ್ ಸತ್ತು ಬಿದ್ದಿತ್ತು. ಮುಳ್ಳುಗಳು ನಾಚಿಕೆಯಿಲ್ಲದೆ ಹಸಿರಾಗಿ ಹೊಳೆಯುತ್ತಿದ್ದವು.

"ನೀವು ಹೇಳದೆ ಇದು ನನಗೇ ಸಿಕ್ಕಿದ್ರೆ ಊರಿಗೆಲ್ಲ ಹೇಳಿರ್ತಿದ್ದೆ ತಾಯಿ" ಎಂದ. "ಮುಳ್ಳು ಬದಲಾಗಿದೆ ಅಂತ ಬರೆದುಕೊಡಿ, ತಗೋತೀನಿ."

ಅವನು ಮೆಟ್ಟಿಲಿಳಿದ ಮೇಲೆ ವ್ಯಾಪಾರಿ ತಿರುಗಿಬಿದ್ದ. "ಗಿರಾಕಿ ಮುಂದೆ ನನ್ನ ಮಾನ ತೆಗೆದ್ರಲ್ಲ."

"ಇದ್ದಿದ್ರೆ ತಾನೇ ತೆಗೆಯೋದು."

"ದೀಪ ಇದೆ ಅಂತ ಗೊತ್ತಿತ್ತಾ ನಿಮಗೆ?"

"ಬಂದಾಗಿನಿಂದ ಅವರ ಬಲಗೈ ಜೇಬಲ್ಲೇ ಇತ್ತು. ಮನುಷ್ಯರನ್ನ ತೂಗೋದ್ರಲ್ಲಿ ನಿಸ್ಸೀಮ ಅಲ್ವಾ ನೀನು, ಕಾಣಲಿಲ್ವಾ?" ಅವಳು ಮಸೂರ ಒರೆಸಿಕೊಂಡಳು. "ನಿನ್ನ ಉಳಿಸೋಕೆ ಬಾಯಿ ಬಿಟ್ಟೆ ಅಂದ್ಕೋಬೇಡ. ಬೋರ್ಡ್ ಮೇಲೆ ನಿಮ್ಮಣ್ಣನ ಹೆಸರಿದೆ."

ಆಮೇಲೆ ಮುದುಕ ಕಳಿಸಿದವರೆಲ್ಲ ಅಂಗಡಿಗೆ ಬಂದು ಮೊದಲು ಕೇಳುವುದು ಅತ್ತಿಗೆಯನ್ನು. ವ್ಯಾಪಾರಿಗೆ ಅದನ್ನು ಕೇಳಿದಾಗೆಲ್ಲ ಮೈ ಉರಿಯುತ್ತದೆ. ಅವರಿಬ್ಬರೂ ಇಂದಿಗೂ ನೆಟ್ಟಗೆ ಮಾತಾಡುವುದಿಲ್ಲ. ಅಂಗಡಿಯ ಹೆಸರು ಉಳಿದದ್ದು ಅವಳಿಂದ. ಅವನು ಅವಳ ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.