ಹಿಮದೂರ ಗುರುವಿನ ಪದ

ದೊಡ್ಡ ದೊಡ್ಡ ಸೈನ್ಯಗಳೇ ಸೋತು ಮರಳಿದ ರಷ್ಯಾದ ಚಳಿಗಾಲವನ್ನು ಸುಲೇಪೇಟದ ಅಂಬರೇಶ ಒಂದು ಏಕತಾರಿ ಹಿಡಿದು ಗೆಲ್ಲಲು ಹೊರಟ. ವಯಸ್ಸು ನಲವತ್ತೊಂದು, ಉದ್ಯೋಗ ಪಂಪ್‌ಸೆಟ್ ಮೋಟರ್ ರಿಪೇರಿ.

ವಾಡಿಯ ರದ್ದಿ ಅಂಗಡಿಯಲ್ಲಿ ಅವನಿಗೊಂದು ಹಳೆಯ ಪುಸ್ತಕ ಸಿಕ್ಕಿತ್ತು: ರಷ್ಯನ್ ಕವಿತೆಗಳ ಕನ್ನಡ ಅನುವಾದ. ರಟ್ಟು ಹರಿದು ಹೋಗಿತ್ತು, ಅದರ ಜೊತೆ ಕವಿಯ ಹೆಸರೂ. ಸುಟ್ಟ ಮೋಟರುಗಳನ್ನು ಮೂಲೆಗೆ ತಳ್ಳಿ ಅಂಬರೇಶ ಎರಡೇ ತಿಂಗಳಲ್ಲಿ ಏಳು ಕವಿತೆಗಳಿಗೆ ಭಜನೆಯ ಧಾಟಿ ಕೂರಿಸಿದ. ಮೋಟರ್ ಕೇಳಲು ಬಂದ ರೈತರು ಹಿಮಪಾತ ಕೇಳಿಕೊಂಡು ಬರಿಗೈಯಲ್ಲಿ ವಾಪಸಾದರು.

ಸೋಮವಾರದ ಭಜನೆಯಲ್ಲಿ ಒಂದು ಪದವನ್ನಾದರೂ ಊರ ಭಜನಾ ಮೇಳ ಎತ್ತಿಕೊಳ್ಳಬೇಕು, ಇಷ್ಟೇ ಅವನ ಆಸೆ. ಅಡ್ಡ ನಿಂತದ್ದು ಮೇಳದ ಹಿರಿಯ ಖಂಡಪ್ಪ ಕಾಕಾನ ದಮ್ಮಡಿ. ಪದದ ಕೊನೆಗೆ ಗುರುವಿನ ಹೆಸರು, ಅಂದರೆ ಅಂಕಿತ, ಬರದಿದ್ದರೆ ಆ ಚರ್ಮವಾದ್ಯ ನುಡಿಯುವುದಿಲ್ಲ. ಅದು ನುಡಿಯದೆ ಮೇಳ ಬಾಯಿ ತೆರೆಯುವುದಿಲ್ಲ. ನಲವತ್ತು ವರ್ಷದ ಕಾನೂನು.

“ಅಂಕಿತ ಇಲ್ಲದ ಪದ ಅಂದ್ರ ಸಹಿ ಇಲ್ಲದ ಕಾಗದ. ಯಾರ ಮಗನೋ ಇಂವ?” ಎಂದ ಖಂಡಪ್ಪ.

“ಗೊತ್ತಿಲ್ಲ ಕಾಕಾ. ರಷ್ಯಾದಂವ.”

“ಯಾವುದಾರ ಒಂದು ಹೆಸರು ಸೇರಿಸಿಬಿಡೋ,” ಎಂದಳು ತಾಳ ಹಾಕುವ ಮುದುಕಿ ಮಾಣಿಕಮ್ಮ.

“ಮಂದಿ ಪದಕ್ಕ ಸುಳ್ಳು ಹೆಸರು ಹೆಂಗ ಇಡ್ಲಿ, ಆಯಿ?”

ಸೋಮವಾರ ಬಂತು. ಹಿಮ ಬಿದ್ದು ದಾರಿ ಮುಚ್ಚಿದೆ, ಒಬ್ಬ ತನ್ನ ಮನೆ ಹುಡುಕುತ್ತಿದ್ದಾನೆ; ಅಂಬರೇಶ ಕಣ್ಣು ಮುಚ್ಚಿ ಹಾಡತೊಡಗಿದ. ಏಕತಾರಿ ಒಂದೇ ಒಂಟಿಯಾಗಿ ಮಿಡಿಯುತ್ತಿತ್ತು.

“ತಡಿ ತಡಿ,” ಮಾಣಿಕಮ್ಮ ನಿಲ್ಲಿಸಿದಳು. “ಹಿಮ ಅಂದ್ರ ಏನೋ?”

“ಹತ್ತಿ ಒಡದು ಮುಗಿಲಿಂದ ಬಿದ್ದಂಗ, ಆಯಿ. ಹೊಲ, ಮನಿ, ದಾರಿ ಎಲ್ಲಾ ಬೆಳ್ಳಗ.”

“ಅಯ್ಯ ಶಿವನೆ! ಅಷ್ಟು ಹತ್ತಿ ಬಿಡಿಸ್ಲಿಕ್ಕ ಆಳು ಎಲ್ಲಿ ಸಿಗ್ತಾರ?”

ಮೇಳ ಬಿದ್ದು ಬಿದ್ದು ನಕ್ಕಿತು. ರಷ್ಯಾ ಗೆಲ್ಲುವ ವೀರನ ಕಿವಿ ಕೆಂಪಾದವು. ಆದರೂ ಹಿಂದೆ ಸರಿಯದೆ ಕೊನೆಯ ನುಡಿಗೆ ಬಂದ. ಖಂಡಪ್ಪನ ಕೈ ಮೊಣಕಾಲ ಮೇಲೆಯೇ ಇತ್ತು. ಅಂಬರೇಶ ಪುಸ್ತಕ ಮಡಚಿಟ್ಟು, ಅದರಲ್ಲಿಲ್ಲದ ಒಂದು ಸಾಲನ್ನು ಅಲ್ಲೇ ಕಟ್ಟಿ ಹಾಡಿದ:

“ಹೆಸರು ಹರಿದು ಹೋದ ಹಿಮದೂರ ಗುರುವೆ, ನೀನ್ಯಾರೊ ನಾನರಿಯೆ, ಪದ ಮಾತ್ರ ಬಲ್ಲೆ.”

ಖಂಡಪ್ಪನ ಕೈ ಮೊಣಕಾಲು ಬಿಟ್ಟು ಮೇಲೆದ್ದಿತು. ಆಮೇಲೆ ದಮ್ಮಡಿ ಢಂ ಎಂದಿತು. ಮಾಣಿಕಮ್ಮನ ತಾಳ ಬಿತ್ತು, ಮೇಳ ಆ ಸಾಲನ್ನು ಎತ್ತಿಕೊಂಡು ಮೂರು ಸಲ ತಿರುಗಿಸಿತು.

ಮಾಣಿಕಮ್ಮ ಅಂಬರೇಶನ ಕೈಗೆ ಎರಡು ಚೂರು ಕೊಬ್ಬರಿ ಇಟ್ಟಳು. “ಒಂದು ನಿಂದು, ಒಂದು ಆ ಗುರುವಿಂದು. ಅವನ ಗದ್ದುಗಿ ಎಲ್ಲಿ ಅದ?”

“ಭಾಳ ದೂರ, ಆಯಿ.”

“ಸೇಡಂಗ ಹೋದ್ರ ಬಸ್ ಸಿಗ್ತದೇನು?”

ಖಂಡಪ್ಪ ಚರ್ಮ ಬಿಗಿಯಾಗಲೆಂದು ದಮ್ಮಡಿಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ. “ಬಸ್ಸಿಂದು ಆಮ್ಯಾಲ ನೋಡಮು. ಲೇ ಅಂಬರೇಶ, ಇನ್ನ ಆರು ಪದ ಅವ ಅಂದಿದ್ದಿಯಲ್ಲ, ತೆಗಿ.”