ಇಲ್ಲದ ಲೂಸ್ ಕನೆಕ್ಷನ್

ವತ್ಸಲಾ ಮೇಡಂ, ನಿಮ್ಮ ‘ಕಣ್ಣು’ ಆ ದಿನ ಕೆಟ್ಟಿರಲಿಲ್ಲ. ಅದು ಕೆಲಸ ಮಾಡದ ಹಾಗೆ ಮಾಡಿದವನು ನಾನು. ಮಾಡಿದ್ದನ್ನು ಮುಚ್ಚಿಟ್ಟೆ. ಆಮೇಲೆ ನಿಮಗೆ ಒಂದು ಸುಳ್ಳು ಹೇಳಿದೆ. ನಾನು ಹೇಳಿದ ಆ ಇಲ್ಲದ ದೋಷವನ್ನು ನೀವು ಹನ್ನೊಂದು ವರ್ಷದಿಂದ ಹುಡುಕುತ್ತಿದ್ದೀರಿ.

ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ನಿಮ್ಮ ಹೆಸರು ಕೆಟ್ಟದ್ದು ನಾಲ್ಕು ಜನರ ಎದುರಿಗೆ, ಹಾಗಾಗಿ ಇದೂ ನಾಲ್ಕು ಜನರ ಎದುರಿಗೇ ಆಗಬೇಕು. ಬೇರೆಯವರೂ ಓದುವುದರಿಂದ ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬರೆಯಬೇಕಾಗುತ್ತದೆ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯುತ್ತೇನೆ.

ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯ ಕೆಲಸ ಬಿಟ್ಟು ನೀವು ಪೀಣ್ಯದಲ್ಲಿ ಒಂದು ಶೀಟಿನ ಶೆಡ್ಡು ಬಾಡಿಗೆಗೆ ಹಿಡಿದಾಗ ಅಲ್ಲಿ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ನಾನು ನಿಮ್ಮ ಮೂರನೇ ಕೆಲಸಗಾರ. ಡಿಪ್ಲೊಮಾ ಓದಿದ್ದೆ, ವಯಸ್ಸು ಇಪ್ಪತ್ತಾರು. ಪವರ್ ಪ್ರೆಸ್ಸುಗಳಲ್ಲಿ — ತಗಡನ್ನು ಒಂದೇ ಏಟಿಗೆ ಕತ್ತರಿಸುವ ಆ ಯಂತ್ರಗಳಲ್ಲಿ — ಬೆರಳು ಹೋಗುವುದು ಆಗ ಪೀಣ್ಯದಲ್ಲಿ ಯಾರಿಗೂ ಸುದ್ದಿಯಾಗಿರಲಿಲ್ಲ. ನೀವು ಮಾಡಿದ್ದು ನೋಡಲು ಸರಳ. ಪ್ರೆಸ್ಸಿನ ಎರಡು ಪಕ್ಕದಲ್ಲಿ ಗಾಜಿನ ಮುಖದ ಎರಡು ಕಂಬ, ಅವುಗಳ ನಡುವೆ ಕಾಣಿಸದ ಬೆಳಕಿನ ಎಳೆಗಳು. ಕೈ ಅಡ್ಡ ಬಂದರೆ ಎಳೆ ತುಂಡಾಗುತ್ತದೆ, ಪ್ರೆಸ್ ಇಳಿಯುವುದಿಲ್ಲ. ಹೊರದೇಶದಿಂದ ಬರುತ್ತಿದ್ದ ಇಂಥ ಸಲಕರಣೆ ಸಣ್ಣ ಶೆಡ್ಡಿನವರಿಗೆ ಎಟುಕುತ್ತಿರಲಿಲ್ಲ. ನೀವು ಎಟುಕುವ ಹಾಗೆ ಮಾಡಿದಿರಿ. ಅದಕ್ಕೆ ಇಂಗ್ಲಿಷ್ ಹೆಸರು ಬೇಡ ಎಂದಿರಿ. “ಕಣ್ಣು ಅನ್ನೋಣ. ಪ್ರೆಸ್ಸಿಗೆ ಕಣ್ಣು ಬಂದಿದೆ ಅಂದ್ರೆ ಕೆಲಸ ಮಾಡೋರು ನಂಬ್ತಾರೆ.”

ಮಾಲೀಕರು ಸುಲಭಕ್ಕೆ ನಂಬಲಿಲ್ಲ. “ಮೇಡಂ, ಪ್ರೆಸ್ಸಿಗೆ ಕಣ್ಣು ಹಾಕಿದ್ರೆ ನಮ್ಮವರು ಕಣ್ಮುಚ್ಕೊಂಡು ಕೆಲಸ ಮಾಡ್ತಾರಷ್ಟೇ,” ಎಂದು ಒಬ್ಬರು ನಕ್ಕಿದ್ದರು. “ಮುಚ್ಕೊಳ್ಲಿ ಬಿಡಿ, ಹತ್ತು ಬೆರಳೂ ಇರುತ್ತಲ್ಲ,” ಎಂದು ನೀವು ಸೀರೆಯ ಸೆರಗು ಸಿಕ್ಕಿಸಿಕೊಂಡು ನಿಮ್ಮ ಬಲಗೈಯನ್ನು ಪ್ರೆಸ್ಸಿನ ಕೆಳಗೆ ಇಟ್ಟಿರಿ. “ಕೇಶವ್, ಪೆಡಲ್ ಒತ್ತು.”

ನಾನು ಒತ್ತಿದೆ. ಪ್ರೆಸ್ ಇಳಿಯಲಿಲ್ಲ. ಹಾಗೆ ಎಷ್ಟು ಶೆಡ್ಡುಗಳಲ್ಲಿ ಒತ್ತಿದೆನೋ — ಪ್ರತಿ ಸಲ ನಾನು ಮುಖ ತಿರುಗಿಸಿಕೊಂಡು ಒತ್ತುತ್ತಿದ್ದೆ, ನಿಮ್ಮ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಎರಡೇ ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಪ್ರೆಸ್ಸುಗಳಿಗೆ ಕಣ್ಣು ಬಂತು.

ಅವುಗಳಲ್ಲಿ ಒಂದು ಬೋರೇಗೌಡರ ಶೆಡ್ಡಿನದು. ಗೌಡರು ಅಲ್ಲಿನ ಹಳೆಯ ಊರಿನವರು, ಹೊಲವಿದ್ದ ಜಾಗದಲ್ಲೇ ಶೆಡ್ಡು ಕಟ್ಟಿದ್ದರು. ಆ ವರ್ಷ ಆಯುಧಪೂಜೆಯ ದಿನ ಬೆಳಿಗ್ಗೆ ನೀವು ನನ್ನನ್ನು ಅಲ್ಲಿಗೆ ಕಳಿಸಿದಿರಿ, ಕಂಪನಿಯ ಪರವಾಗಿ ಪೂಜೆಗೆ ಹೋಗಿ ಬಾ ಎಂದು. ನಾನು ಹೋಗುವಷ್ಟರಲ್ಲಿ ಮಂಗಳಾರತಿ ಆಗಿತ್ತು. ಪ್ರೆಸ್ಸಿಗೆ ಬಾಳೆಕಂದು ಕಟ್ಟಿ, ಹಾರ ಹಾಕಿದ್ದರು. ಇನ್ನು ಯಂತ್ರವನ್ನು ಶಾಸ್ತ್ರಕ್ಕೆ ಒಂದು ಸಲ ಓಡಿಸಬೇಕು. ಗೌಡರು ಪೆಡಲ್ ಒತ್ತಿದರು. ಪ್ರೆಸ್ ಇಳಿಯಲಿಲ್ಲ. ಮತ್ತೆ ಒತ್ತಿದರು. ಇಳಿಯಲಿಲ್ಲ.

ನನಗೆ ನೋಡಿದ ತಕ್ಷಣ ತಿಳಿಯಿತು. ನಾವು ಅದನ್ನು ಕಣ್ಣು ಎಂದು ಕರೆದಿದ್ದೆವಲ್ಲ — ಗೌಡರ ತಾಯಿ ಎರಡೂ ಕಂಬದ ಗಾಜಿಗೆ ಗಂಧ ಬಳಿದು ದಪ್ಪಗೆ ಕುಂಕುಮದ ಬೊಟ್ಟು ಇಟ್ಟಿದ್ದರು. ಬೇರೆ ಯಾವ ಹೆಸರಿಟ್ಟಿದ್ದರೂ ಆ ಅಜ್ಜಿ ಅಲ್ಲಿಗೇ ಬೊಟ್ಟು ಇಡುತ್ತಿರಲಿಲ್ಲ. ಬೆಳಕು ದಾಟುತ್ತಿರಲಿಲ್ಲ, ಅದಕ್ಕೇ ಪ್ರೆಸ್ ನಿಂತಿತ್ತು. ಹಾಗೆ ನಿಲ್ಲಬೇಕೆಂದೇ ನೀವು ಮಾಡಿದ್ದು.

“ಏನ್ ಗುರು, ಪೂಜೆ ದಿನಾನೇ ನಿಮ್ ಕಣ್ಣು ಮುನಿಸ್ಕೊಂಡೈತೆ?” ಎಂದರು ಗೌಡರು. ನಗುತ್ತಲೇ ಅಂದರು, ಆದರೆ ನೆಂಟರೆಲ್ಲ ನೋಡುತ್ತಿದ್ದರು. ನಾನು ಜೇಬಿನಿಂದ ಕರ್ಚೀಫು ತೆಗೆದು ಗಾಜಿನ ಹತ್ತಿರ ಹೋದೆ.

“ಬ್ಯಾಡ ಕಣಪ್ಪ,” ಅಜ್ಜಿ ನನ್ನ ಕೈ ಹಿಡಿದರು. “ಇಟ್ಟಿರೋ ಬೊಟ್ಟು ಅಳಿಸ್ತಾರಾ? ನಾಳೀಕೂ ಅಂಗೇ ಇರ್ಲಿ.”

ಹಿಂದಿನಿಂದ ಯಾರೋ, “ಬೊಟ್ಟಿಟ್ರೆ ಕಣ್ಮುಚ್ಕೊಳೋ ದೇವ್ರನ್ನ ಇವತ್ತೇ ನೋಡಿದ್ದು,” ಎಂದರು. ಎಲ್ಲರೂ ನಕ್ಕರು.

ಮುಂದೆ ನಾನು ಮಾಡಿದ್ದಕ್ಕೆ ಆ ನಗುವೇ ಕಾರಣ ಎಂದು ಒಮ್ಮೆ ಬರೆದು ಹೊಡೆದುಹಾಕಿದೆ. ನಗು ಕಾರಣವಲ್ಲ. ಅಜ್ಜಿಗೆ ಎರಡು ಮಾತು ಬಿಡಿಸಿ ಹೇಳಬಹುದಿತ್ತು. ನಿಮಗೆ ಫೋನ್ ಮಾಡಬಹುದಿತ್ತು. ನಾನು ಕಂಟ್ರೋಲ್ ಬಾಕ್ಸ್ ತೆಗೆದು, ಕಣ್ಣಿನಿಂದ ಪ್ರೆಸ್ಸಿಗೆ ಅಪ್ಪಣೆ ಹೋಗುವ ಎರಡು ತಿರುಪುಗಳ ನಡುವೆ ಗೇಣುದ್ದದ ಒಂದು ವೈರು ಹಾಕಿದೆ. ಆ ವೈರು ಇರುವ ತನಕ ಕಣ್ಣು ಏನು ಕಂಡರೂ ಒಂದೇ, ಕಾಣದಿದ್ದರೂ ಒಂದೇ. ಗೌಡರು ಪೆಡಲ್ ಒತ್ತಿದರು, ಪ್ರೆಸ್ ಇಳಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. “ಏನಾಗಿತ್ತು?” ಎಂದು ಗೌಡರು ಕೇಳಿದ್ದಕ್ಕೆ, “ಏನಿಲ್ಲ, ಸರಿ ಮಾಡ್ದೆ,” ಎಂದೆ. ನನ್ನ ಕೈಗೆ ಸಿಹಿಯ ಪೊಟ್ಟಣ ಬಂತು.

ವೈರನ್ನು ಮರೆತೆ ಎಂದು ಯಾರಾದರೂ ಅಂದುಕೊಳ್ಳಬಹುದು. ಮರೆತಿರಲಿಲ್ಲ. ಮರುದಿನ ವಿಜಯದಶಮಿ, ಶೆಡ್ಡಿಗೆ ರಜೆ. ಅದರ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ವೈರು ತೆಗೆದು, ಗಾಜು ಒರೆಸಿದರಾಯಿತು ಎಂದುಕೊಂಡಿದ್ದೆ. ಆ ಬೆಳಿಗ್ಗೆ ಹೊರಟೂ ಹೊರಟೆ. ಹಬ್ಬದ ಮಾರನೆಯ ದಿನ ಎಂಟಕ್ಕೇ ಯಾರು ಕೆಲಸ ಶುರು ಮಾಡುತ್ತಾರೆ ಎಂದು ಜಾಲಹಳ್ಳಿ ಕ್ರಾಸಿನಲ್ಲಿ ಇಡ್ಲಿ ತಿನ್ನಲು ನಿಂತೆ. ಕಾಫಿಯನ್ನೂ ಕುಡಿದೆ.

ಗೌರಮ್ಮ ಎಂಟಕ್ಕೇ ಕೆಲಸ ಶುರು ಮಾಡಿದ್ದರು. ರಾಜಗೋಪಾಲನಗರದಿಂದ ನಡೆದು ಬರುತ್ತಿದ್ದ, ಆ ಪ್ರೆಸ್ಸಿನ ಮುಂದೆ ಆರು ವರ್ಷ ಕೂತಿದ್ದ ಹೆಂಗಸು.

ನಾನು ಹೋದಾಗ ಅವರನ್ನು ಆಗಷ್ಟೇ ಟೆಂಪೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಬಲಗೈಯ ಮೂರು ಬೆರಳು. ಉಳಿದವರೆಲ್ಲ ಗೇಟಿನ ಹತ್ತಿರ ಗುಂಪುಗಟ್ಟಿದ್ದರು. ಒಳಗೆ ಯಾರೂ ಇರಲಿಲ್ಲ. ಬಾಕ್ಸ್ ತೆಗೆದೆ, ವೈರು ಕಿತ್ತೆ, ಬಾಕ್ಸ್ ಮುಚ್ಚಿದೆ. ಆಮೇಲೆ ಕರ್ಚೀಫಿನಿಂದ ಎರಡೂ ಗಾಜು ಒರೆಸಿದೆ. ಮೂಲೆಗಳನ್ನೂ ಬಿಡದೆ ಒರೆಸಿದೆ.

ನೀವು ಬಂದಾಗ ಒಂಬತ್ತೂವರೆ. ಮೊದಲು ಗಾಜು ನೋಡಿದಿರಿ. ಆಮೇಲೆ ನನ್ನನ್ನು.

“ಪೂಜೆ ದಿನ ನೀನು ಬಾಕ್ಸ್ ತೆಗೆದಿದ್ದೆ ಅಂದ್ರು ಗೌಡ್ರು. ಏನಾಗಿತ್ತು?”

“ಲೂಸ್ ಕನೆಕ್ಷನ್ ಇತ್ತು ಮೇಡಂ. ಟೈಟ್ ಮಾಡ್ದೆ.”

“ಯಾವುದು?”

“ಗೊತ್ತಾಗ್ಲಿಲ್ಲ. ಎಲ್ಲಾ ಸ್ಕ್ರೂನೂ ಒಂದ್ಸಲ ಟೈಟ್ ಮಾಡ್ಬಿಟ್ಟೆ.”

ನೀವು ಬಾಕ್ಸ್ ತೆಗೆದು ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಿರಿ. “ಲೂಸ್ ಆದ್ರೆ ಪ್ರೆಸ್ ನಿಲ್ಬೇಕು ಕೇಶವ್. ಓಡ್ಬಾರ್ದು. ಹಾಗೇ ಮಾಡಿದೀನಿ ನಾನು.”

ನಿಮ್ಮ ಲೆಕ್ಕ ಸರಿಯಾಗಿತ್ತು, ಮೇಡಂ. ಅಲ್ಲೇ, ಆ ಕ್ಷಣದಲ್ಲೇ, ಪೂರ್ತಿ ಸರಿಯಾಗಿತ್ತು. ನೀವು ನಿಮ್ಮ ಲೆಕ್ಕವನ್ನು ಬಿಟ್ಟು ನನ್ನ ಮಾತನ್ನು ನಂಬಿದಿರಿ.

ಆಸ್ಪತ್ರೆಯಲ್ಲಿ ಗೌರಮ್ಮ ನಿಮಗೆ ಒಂದು ವಿಷಯ ಹೇಳಿದರು. ಮಂಚದ ಕಾಲ ಬಳಿ ನಾನೂ ನಿಂತಿದ್ದೆ. ಗಾಜಿನ ಮೇಲೆ ಬೊಟ್ಟು ಹಾಗೇ ಇತ್ತು, ಆದರೂ ಪ್ರೆಸ್ ಓಡುತ್ತಿತ್ತು, ಇದೇನಿದು ಅಂದುಕೊಳ್ಳುತ್ತಲೇ ತಗಡು ಇಟ್ಟೆ ಎಂದರು. ಅವರ ಆ ಒಂದು ಮಾತಿನಲ್ಲಿ ಎಲ್ಲ ಇತ್ತು. ನೀವು ಮೆಲ್ಲಗೆ, “ಗಾಜು ಚೊಕ್ಕಟವಾಗಿತ್ತು ಅಕ್ಕ, ನಾನೇ ನೋಡಿದೆ,” ಎಂದಿರಿ. ಅವರು ಗೋಡೆಯ ಕಡೆ ತಿರುಗಿದರು. ನಾನು ಬಾಯಿ ಬಿಡಲಿಲ್ಲ. ವಾರದೊಳಗೆ ಶೆಡ್ಡಿನಲ್ಲಿ ಮಾತಾಯಿತು — ಪೂಜೆಯ ದಿನ ಬೊಟ್ಟು ಇತ್ತು ನಿಜ, ಆಮೇಲೆ ಯಾರೋ ಒರೆಸಿದ್ದಾರೆ; ಹಬ್ಬದ ಸುಸ್ತು, ತೂಕಡಿಸಿದ್ದಾಳೆ, ಈಗ ಏನೇನೋ ಹೇಳುತ್ತಾಳೆ.

ಆಮೇಲಿನ ತಿಂಗಳುಗಳು. ನೀವು ಆ ಬಾಕ್ಸನ್ನು ಮೇಜಿನ ಮೇಲಿಟ್ಟು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಕೂತಿರುತ್ತಿದ್ದಿರಿ, ಯಾವ ತಟ್ಟಿಗಾದರೂ ಸಂಪರ್ಕ ಕೈಕೊಡುತ್ತದೇನೋ ಎಂದು. ಕಾಯಿಸಿ ನೋಡಿದಿರಿ, ಫ್ರಿಜ್ಜಿನಲ್ಲಿಟ್ಟು ನೋಡಿದಿರಿ. ಪಕ್ಕದಲ್ಲಿ ಮೀಟರ್ ಹಿಡಿದು ಅಂಕಿ ಬರೆದುಕೊಳ್ಳುತ್ತಿದ್ದವನು ನಾನು. “ಸಿಗ್ತಿಲ್ವಲ್ಲ ಕೇಶವ್,” ಎನ್ನುತ್ತಿದ್ದಿರಿ. ನಾನು “ಹೌದು ಮೇಡಂ” ಎನ್ನುತ್ತಿದ್ದೆ.

ಸಿಗದಿದ್ದಾಗ ಎಲ್ಲ ಕಣ್ಣುಗಳನ್ನೂ ವಾಪಸು ತರುವುದೆಂದು ತೀರ್ಮಾನಿಸಿದಿರಿ. ಯಾರೂ ಕೇಳಿರಲಿಲ್ಲ. ಗಾಡಿ ಓಡಿಸಿದವನು ನಾನು, ಬಿಚ್ಚಿದವನೂ ನಾನೇ. ಒಂದು ಶೆಡ್ಡಿನಲ್ಲಿ ವಯಸ್ಸಾದ ಕೆಲಸಗಾರರೊಬ್ಬರು ಕಂಬವನ್ನು ಹಿಡಿದುಕೊಂಡು ನಿಂತುಬಿಟ್ಟರು. “ಇದೊಂದು ಬಿಟ್ಟೋಗಿ ಮೇಡಂ. ಚೆನ್ನಾಗೇ ನೋಡ್ಕೋತೈತೆ ನನ್ನ.”

“ನನಗೇ ನಂಬಿಕೆ ಇಲ್ಲದ್ದನ್ನ ನಿಮ್ಮ ಹತ್ರ ಹೆಂಗೆ ಬಿಡ್ಲಿ ಅಣ್ಣ?”

ಅವರು ಕೈ ತೆಗೆದರು. ನಾನು ತಿರುಪು ಬಿಚ್ಚಿದೆ. ಆ ಪ್ರೆಸ್ಸುಗಳೆಲ್ಲ ಆ ದಿನದಿಂದ ಕಣ್ಣಿಲ್ಲದೆ ಓಡಿದವು. ಆಮೇಲೆ ಅಲ್ಲಿ ಯಾರ ಕೈ ಏನಾಯಿತು ಎಂದು ನಾನು ವಿಚಾರಿಸಲು ಹೋಗಲಿಲ್ಲ. ಹೋಗದೆ ಇದ್ದದ್ದೂ ನನ್ನ ತಪ್ಪಿನ ಲೆಕ್ಕಕ್ಕೇ ಸೇರಬೇಕು.

ಕಂಪನಿ ಮುಚ್ಚಿತು. ನೀವು ಮಾರತ್ತಹಳ್ಳಿಯಲ್ಲಿ ಬೇರೆಯವರ ಕೆಳಗೆ ಕೆಲಸಕ್ಕೆ ಸೇರಿದಿರಿ. ನನಗೆ ವೈಟ್‌ಫೀಲ್ಡಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ನೀವು ಬರೆದುಕೊಟ್ಟ ಪತ್ರದಿಂದ. ಅದರಲ್ಲಿ ನನ್ನನ್ನು ನಂಬಬಹುದು ಎಂದು ಬರೆದಿದ್ದಿರಿ.

ಹೋದ ತಿಂಗಳು ಪೀಣ್ಯದಲ್ಲಿ ಹೊಸದಾಗಿ ಕಂಪನಿ ತೆರೆಯುವವರಿಗೆ ಒಂದು ಸಭೆ ನಡೆಯಿತು. ನಿಮ್ಮ ಹೆಸರು ನೋಡಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಉಳಿದವರು ಗೆದ್ದ ಕಥೆ ಹೇಳಿದರು. ನೀವು ಸೋತದ್ದನ್ನು ಹೇಳಿದಿರಿ, ಯಾರ ಮೇಲೂ ತಪ್ಪು ಹೊರಿಸದೆ. ಒಬ್ಬಳು ಹುಡುಗಿ ಎದ್ದು, ಯಾಕೆ ಮತ್ತೆ ಶುರು ಮಾಡಲಿಲ್ಲ ಎಂದು ಕೇಳಿದಳು. ನೀವು ಮೈಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಹೇಳಿದ್ದು ಇಷ್ಟು: “ಎಲ್ಲಿ ತಪ್ಪಿದೆ ಅಂತ ಗೊತ್ತಿಲ್ಲದೆ ಇನ್ನೊಂದು ಮಾಡಿ ಇನ್ನೊಬ್ಬರ ಕೈ ಅದರೊಳಗೆ ಇಡಿಸೋ ಹಕ್ಕು ನನಗಿಲ್ಲ.”

ಮೆಟ್ಟಿಲ ಬಳಿ ನೀವೇ ನನ್ನನ್ನು ಗುರುತು ಹಿಡಿದಿರಿ. ಮನೆಯವರನ್ನೆಲ್ಲ ವಿಚಾರಿಸಿದಿರಿ. ಹೊರಡುವಾಗ, “ಯಾವ ಸ್ಕ್ರೂ ಅಂತ ಈಗ್ಲಾದ್ರೂ ನೆನಪಾಗುತ್ತೇನೋ?” ಎಂದಿರಿ. ತಮಾಷೆಯ ಹಾಗೆ ಕೇಳಿದಿರಿ, ಆದರೆ ಉತ್ತರಕ್ಕೆ ಕಾದಿರಿ.

“ಇಲ್ಲ ಮೇಡಂ,” ಎಂದೆ.

ಮೊದಲ ಸಲ ಹೇಳಿದ್ದು ಹೆದರಿಕೆಯಿಂದ ಎನ್ನಬಹುದೇನೋ. ಈ ಎರಡನೆಯದಕ್ಕೆ ಹೆಸರಿಲ್ಲ. ಯಾರೂ ನನ್ನನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಪೊಲೀಸರಿರಲಿಲ್ಲ. ಮಧ್ಯಾಹ್ನದ ಬಿಸಿಲು, ನೀವು, ನಾನು. ಆದರೂ ಹೇಳಿದೆ.

ಮುಂದಿನ ಭಾನುವಾರ ರಾಜಗೋಪಾಲನಗರಕ್ಕೆ ಹೋದೆ. ನಿಮಗಿಂತ ಮೊದಲು ಗೌರಮ್ಮನವರಿಗೆ ಹೇಳಿದೆ. ಅದು ಸರಿಯೋ ತಪ್ಪೋ ಗೊತ್ತಿಲ್ಲ. ನಿಮ್ಮನ್ನು ಎದುರಿಸಲಾಗದೆ ಅಲ್ಲಿಗೆ ಹೋದೆ ಎನ್ನುವುದು ಸತ್ಯಕ್ಕೆ ಹತ್ತಿರ. ಅವರು ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು. ಕೊನೆಗೆ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು.

“ಬೊಟ್ಟು ಇತ್ತು ಅಲ್ವಾ ಸಾರ್?”

“ಇತ್ತು.”

“ನನ್ನ ಮಗಳೂ ನಂಬ್ಲಿಲ್ಲ. ಆಮೇಲಾಮೇಲೆ ನನಗೇ ಅನುಮಾನ ಬಂತು, ತೂಕಡಿಸ್ತಿದ್ನೇನೋ ಅಂತ.” ಆಮೇಲೆ ಕೇಳಿದರು, “ಮೇಡಮ್ಮೋರಿಗೆ ಹೇಳಿದ್ರಾ?”

“ಇಲ್ಲ.”

“ಆಯಮ್ಮ ವರ್ಷಾ ವರ್ಷಾ ಬರ್ತಾರೆ, ನನ್ನ ಕೈ ಹೋದ ದಿನ. ಇದೇ ಜಗುಲಿ ಮೇಲೆ ಕೂತು ತಪ್ಪಾಯ್ತು ಅಂತಾರೆ. ಬ್ಯಾಡ ಅಂದ್ರೂ ಕೇಳಲ್ಲ. ನೀವು ಮಾಡಿದ್ದಕ್ಕೆ ಅವರು ಅಳ್ತಾರೆ, ಸಾರ್.”

ಇದು ನನಗೆ ಗೊತ್ತಿರಲಿಲ್ಲ, ಮೇಡಂ. ಈ ವರ್ಷದ ಆ ದಿನ ಇನ್ನೂ ಬಂದಿಲ್ಲ; ಅಂದರೆ ಈವರೆಗೆ ಹತ್ತು ಸಲ.

ಬರೆದು ಕೊಡಿ ಎಂದರು ಗೌರಮ್ಮ. “ಬಾಯಲ್ಲಿ ಹೇಳಿ ಹೋಗ್ಬೇಡಿ. ನನಗೆ ಮಗಳು ಓದ್ತಾಳೆ. ಶೆಡ್ಡಿನವರೂ ಓದ್ಲಿ.” ಈ ಬರಹ ಹುಟ್ಟಿದ್ದು ನನ್ನ ಧೈರ್ಯದಿಂದಲ್ಲ ಎಂಬುದನ್ನೂ ದಾಖಲಿಸಬೇಕು. ಅವರು ಕೇಳಿದ್ದಕ್ಕೆ ಬರೆದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಈ ಪತ್ರ ನಿಮಗೆ ತಲುಪಿದ ಮೇಲೂ ನೀವು ಈ ಸಲ ಅಲ್ಲಿಗೆ ಹೋಗುತ್ತೀರೋ ಇಲ್ಲವೋ ತಿಳಿಯದು. ಹೋದರೆ, ತಪ್ಪಾಯಿತು ಎನ್ನಬೇಕಾದವರು ನೀವಲ್ಲ. ಆ ದಿನ ನಾನೂ ಬರುತ್ತೇನೆಂದು ಗೌರಮ್ಮನವರಿಗೆ ತಿಳಿಸಿದ್ದೇನೆ. ಬನ್ನಿ, ಆದರೆ ಒಳಗೆ ಕೂರಬೇಡಿ, ಮೇಡಮ್ಮೋರು ಬರುವ ತನಕ ಗೇಟಿನ ಹೊರಗೆ ನಿಂತಿರಿ ಎಂದಿದ್ದಾರೆ.

ನಿಂತಿರುತ್ತೇನೆ.