ಕಾರುಗಳಿಗೊಂದು ನೆರಳು

ಮಸ್ಕತ್ತಿನ ರೂವಿ ಪೇಟೆಯ ಬೇಕರಿಯಿಂದ ತರಿಸಿದ ಆ ಕೇಕು ಡಿಶ್ ಆಂಟೆನಾದ ಆಕಾರದಲ್ಲಿತ್ತು. ಬಿಳಿ ಕ್ರೀಮಿನ ಅಗಲವಾದ ಬೋಗುಣಿ, ಅದರೊಳಗಿಂದ ಎದ್ದ ಚಾಕೊಲೇಟಿನ ಮೂರು ಕಡ್ಡಿಗಳು, ಅವು ಕೂಡುವಲ್ಲಿ, ಸಿಗ್ನಲ್ ಬಂದು ಸೇರುವ ತುದಿಗೆ, ಒಂದು ಚೆರ್ರಿ. ಮಾಡಿದವನು ಕೈಚಳಕದವನು, ಅವನ ಮೇಲೆ ನನ್ನ ದೂರಿಲ್ಲ. ನಿಜವಾದ ಡಿಶ್ಶನ್ನು ವರ್ಷಗಟ್ಟಲೆ ನೋಡಿಕೊಂಡಿದ್ದ ಮನುಷ್ಯನನ್ನು ಕೆಲಸದಿಂದ ತೆಗೆದು, ಅವರ ಕೈಯಲ್ಲೇ ಆ ಕೇಕನ್ನು ಕೊಯ್ಯಿಸಿದರು. ಈಗಲೂ ವೆನಿಲ್ಲಾದ ವಾಸನೆ ಬಡಿದರೆ ನಾನು ಆ ಜಾಗ ಬಿಟ್ಟು ಏಳುತ್ತೇನೆ. ಕೋಪದಲ್ಲಿ ಬರೆದರೆ ಕ್ರಮ ತಪ್ಪುತ್ತದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ, ಒಂದಾದ ಮೇಲೊಂದು ಬರೆಯುತ್ತೇನೆ.

ಎಂಬತ್ತರ ದಶಕದ ಕೊನೆ. ನಾನು ಮೈಸೂರಿನಿಂದ ಮಸ್ಕತ್ತಿಗೆ ಹೋಗಿ ಒಂದು ಸಲಹಾ ಕಂಪನಿಯಲ್ಲಿ ಎಂಜಿನಿಯರ್ ಆಗಿ ಸೇರಿದ್ದೆ. ವಿಮಾನ ನಿಲ್ದಾಣವಿರುವ ಸೀಬ್‌ನಿಂದ ಸ್ವಲ್ಪ ಆಚೆ, ಹವಾಮಾನ ಉಪಗ್ರಹದ ಚಿತ್ರಗಳನ್ನು ಹಿಡಿಯುವ ಒಂದು ಕೇಂದ್ರವಿತ್ತು. ಅಲ್ಲಿನ ಯಂತ್ರಗಳನ್ನು ನಡೆಸುವುದು, ಕೆಟ್ಟರೆ ಕಾರಣ ಹುಡುಕಿ ವರದಿ ಕೊಡುವುದು, ಅಂಗಳದಲ್ಲಿ ಹೊಸದಾಗಿ ಏನು ಕಟ್ಟುವುದಿದ್ದರೂ ನಕ್ಷೆ ನೋಡಿ ಒಪ್ಪಿಗೆ ಕೊಡುವುದು, ಇವು ನಮ್ಮ ಕಂಪನಿಯ ಕೆಲಸ. ನಮ್ಮ ಮ್ಯಾನೇಜರು ಬೆಂಗಳೂರಿನವರು. ಹಬ್ಬಕ್ಕೆ ಮನೆಗೆ ಕರೆದು ಹೋಳಿಗೆ ಬಡಿಸುತ್ತಿದ್ದವರು. ಡಿಶ್ಶಿನ ಆಪರೇಟರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ನನಗಿಂತ ಹಿರಿಯರು. ಹೆಂಡತಿ, ಮಗಳು ಜೊತೆಗಿದ್ದರು. ಮಗಳು ಇಂಡಿಯನ್ ಸ್ಕೂಲಿನಲ್ಲಿ ಹತ್ತನೇ ತರಗತಿ.

ನಾವು ಹಿಡಿಯುತ್ತಿದ್ದ ಉಪಗ್ರಹ ಆಫ್ರಿಕಾದ ಮೇಲೆ ಒಂದೇ ಕಡೆ ನಿಂತಿರುವಂಥದು. ಒಮಾನಿನಿಂದ ನೋಡಿದರೆ ಅದು ಪಶ್ಚಿಮಕ್ಕೆ, ಬಹಳ ತಗ್ಗಿನಲ್ಲಿ, ಇಳಿಹೊತ್ತಿನ ಸೂರ್ಯನಷ್ಟೇ ಎತ್ತರದಲ್ಲಿರುತ್ತದೆ. ಆದ್ದರಿಂದ ನಮ್ಮ ಡಿಶ್ಶು ಆಕಾಶಕ್ಕೆ ಮುಖವೆತ್ತಿರಲಿಲ್ಲ. ಎದುರಿಗೆ ಬಂದವರನ್ನು ನೋಡುವ ಹಾಗೆ ನಿಂತಿತ್ತು. ಅದರ ಎದುರಿನ ಅಂಗಳ ಖಾಲಿಯಿರಬೇಕು. ಇದು ಆ ಕೆಲಸದ ಮೊದಲ ಪಾಠ.

ಆ ವರ್ಷದ ಬೇಸಿಗೆಯಲ್ಲಿ ಅಲ್ಲಿಯೇ, ಡಿಶ್ಶಿನ ಎದುರಿಗೇ, ಅಧಿಕಾರಿಗಳ ಕಾರುಗಳಿಗೆ ತಗಡಿನ ಶೆಡ್ಡು ಎದ್ದಿತು. ಬಿಸಿಲಲ್ಲಿ ನಿಂತ ಕಾರಿನ ಸ್ಟಿಯರಿಂಗ್ ಮುಟ್ಟಲಾಗದ ಊರದು. ಶೆಡ್ಡು ಬೇಕೆಂದು ಕೇಳಿದವರದು ತಪ್ಪಲ್ಲ. ಜಾಗ ತೋರಿಸಿ ನಕ್ಷೆಗೆ ಸಹಿ ಹಾಕಿದವರು ನಮ್ಮ ಮ್ಯಾನೇಜರು.

ಕೆಲವೇ ದಿನಗಳಲ್ಲಿ ಆಪರೇಟರು ನನ್ನನ್ನು ಕರೆದು ಆಗಷ್ಟೇ ಹೊರಬಂದ ಚಿತ್ರವನ್ನು ತೋರಿಸಿದರು. ಅರಬ್ಬೀ ಸಮುದ್ರದ ತುಂಬ ಬಿಳಿ ಚುಕ್ಕಿ, ಬಿಳಿ ಗೀರು.

“ಪಟ ಹಾಳಾಗ್ತಾ ಉಂಟು ಮಾರಾಯ್ರೆ. ಮಸ್ಕತ್ತಿನಲ್ಲಿ ಹಿಮ ಬಿದ್ದ ಹಾಗೆ ಕಾಣ್ತದೆ. ಫೋರ್‌ಕಾಸ್ಟಿನವರು ತಮಾಷೆ ಮಾಡ್ತಾರೆ, ಇದು ಮೋಡವಾ ನಿಮ್ಮ ತಲೆಹೊಟ್ಟಾ ಅಂತ.”

“ಯಾವಾಗಿನಿಂದ ಹೀಗೆ?”

“ಕಾರಿಗೆ ಮಂಟಪ ಕಟ್ಟಿದ್ರಲ್ಲ, ಆವತ್ತಿನಿಂದ. ಡಿಶ್ಶನ್ನು ಒಂಚೂರು ಎತ್ತಿದ್ರೆ ಚುಕ್ಕಿ ಕಮ್ಮಿ ಆಗ್ತದೆ. ನೋಡಿ.”

ಹೊರಗೆ ಹೋಗಿ ಹಿಡಿಕೆ ತಿರುಗಿಸಿ ಡಿಶ್ಶಿನ ಮುಖವನ್ನು ಕೂದಲೆಳೆಯಷ್ಟು ಮೇಲೆತ್ತಿದರು. ಮುಂದಿನ ಚಿತ್ರ ಪೂರ್ತಿ ಸರಿಯಾಗಲಿಲ್ಲ, ಆದರೆ ಸಮುದ್ರ ಯಾವುದು, ಮೋಡ ಯಾವುದು ಎಂದು ತಿಳಿಯುವಷ್ಟಾಯಿತು. ಅವರು ಅದನ್ನು ಹಾಗೆಯೇ ಬಿಟ್ಟರು. ಚಿತ್ರ ಕೊಡುವುದು ಅವರ ಕೆಲಸ, ಕೊಟ್ಟರು.

ಸಂಜೆ ನಾನು ಡಿಶ್ಶಿನ ಕೆಳಗಿನ ಅಂಚಿಗೆ ದಾರ ಕಟ್ಟಿ, ಉಪಗ್ರಹದ ಕೋನಕ್ಕೆ ಸರಿಯಾಗಿ ಎಳೆದು ಹಿಡಿದು ನೋಡಿದೆ. ದಾರ ನೇರ ಹೋಗಿ ತಗಡಿಗೆ ತಗುಲಿತು. ಡಿಶ್ಶಿನ ಕೆಳಭಾಗ ಉಪಗ್ರಹವನ್ನಲ್ಲ, ಶೆಡ್ಡನ್ನು ನೋಡುತ್ತಿತ್ತು. ಮಾರನೆಯ ಬೆಳಿಗ್ಗೆ ಮ್ಯಾನೇಜರಿಗೆ ಹೇಳಿದೆ.

“ಗೊತ್ತು ಕಣ್ರೀ,” ಎಂದರು. ಟೀ ಕುಡಿಯುತ್ತಿದ್ದರು, ಲೋಟ ಕೆಳಗಿಡಲಿಲ್ಲ. “ಕಣ್ಣಿಲ್ವಾ ನಂಗೆ? ಆ ಡ್ರಾಯಿಂಗಿಗೆ ಸೈನ್ ಹಾಕಿರೋದು ನಾನು. ಈಗ ಹೋಗಿ, ಸಾಹೇಬ್ರೇ ನಮ್ದೇ ತಪ್ಪು, ನಿಮ್ಮ ಕಾರು ಬಿಸಿಲಿಗೆ ನಿಲ್ಸಿ ಅಂತ ಹೇಳ್ಲಾ? ಸುಮ್ನಿರಿ, ಏನಾದ್ರೂ ದಾರಿ ಸಿಗುತ್ತೆ.”

ಸಾಹೇಬರು ಎಂದರೆ ಕೇಂದ್ರದ ಮುಖ್ಯಸ್ಥರು, ಒಮಾನಿನವರು. ಅವರೊಡನೆ ಕಂಪನಿಯ ಪರವಾಗಿ ಮಾತನಾಡುವ ಅಧಿಕಾರ ಮ್ಯಾನೇಜರೊಬ್ಬರದೇ. ಕೆಲವು ತಿಂಗಳ ಮೇಲೆ, ಚಿತ್ರ ಯಾಕೆ ಕೆಟ್ಟಿದೆ ಎಂದು ಅವರ ಕಚೇರಿಯಿಂದ ಪ್ರಶ್ನೆ ಬಂದ ದಿನ ಮ್ಯಾನೇಜರು ತಾವೇ ಅಂಗಳಕ್ಕಿಳಿದರು. ಡಿಶ್ ಕೂರಿಸಿದವರು ಅದರ ಸರಿಯಾದ ಕೋನಕ್ಕೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಕೋನ ತೋರಿಸುವ ಮುಳ್ಳು ಆ ಗೆರೆಗಿಂತ ಸ್ವಲ್ಪ ಮೇಲಿತ್ತು.

“ಸಿಕ್ತಲ್ಲ!” ಎಂದರು ಮ್ಯಾನೇಜರು. ಕಳೆದುಹೋಗಿದ್ದ ಬೀಗದ ಕೈ ಸಿಕ್ಕವರ ದನಿ ಅದು.

ವಾರದೊಳಗೆ ನಮ್ಮವರಷ್ಟೇ ಸೇರಿದ ಒಂದು ಸಭೆಯಾಯಿತು. ಅನುಮತಿಯಿಲ್ಲದೆ ಆಂಟೆನಾ ಅಲುಗಿಸಿದ್ದರಿಂದ ಚಿತ್ರ ಕೆಟ್ಟಿದೆ, ಆಪರೇಟರನ್ನು ಕೆಲಸದಿಂದ ತೆಗೆಯಲಾಗುತ್ತದೆ ಎಂದು ಮ್ಯಾನೇಜರು ಹೇಳಿದರು. ನಾನು ಎದ್ದು ದಾರದ ವಿಷಯ ಹೇಳಿದೆ. ಚಿತ್ರ ಕೆಟ್ಟದ್ದು ಮೊದಲು, ಡಿಶ್ಶು ಎತ್ತಿದ್ದು ಆಮೇಲೆ ಎಂದೆ.

“ದಾರ ಕಟ್ಟಿ ಉಪಗ್ರಹ ಹಿಡಿಯೋಕೆ ಅದೇನು ಗಾಳಿಪಟಾನಾ?” ಎಂದರು ಮ್ಯಾನೇಜರು.

ಎಲ್ಲರೂ ನಕ್ಕರು. ಆಪರೇಟರೂ ನಕ್ಕರು, ದೊಡ್ಡವರ ತಮಾಷೆಗೆ ನಗುವುದು ಅಲ್ಲಿ ಎಲ್ಲರಿಗೂ ಅಭ್ಯಾಸವಾಗಿತ್ತು. ಆ ನಗು ಇಳಿಯುವ ಮುಂಚೆಯೇ ಅವರು ಮಾತಾಡಿದರು.

“ಸರ್, ತಪ್ಪು ನನ್ನದೇ ಅಂತ ಬೇಕಾದ್ರೆ ಬರೀರಿ. ಮಾರ್ಚ್ ತನಕ ಮಾತ್ರ ಬಿಡಿ. ಮಗಳ ಹತ್ತನೇ ಪರೀಕ್ಷೆ ಒಂದು ಮುಗೀಲಿ. ಆಮೇಲೆ ನಾನೇ ಹೋಗ್ತೇನೆ.”

“ನಂಗೂ ಮಕ್ಕಳಿದ್ದಾರೆ ಕಣ್ರೀ. ಆದ್ರೆ ಕಾರಣ ಇಲ್ಲೇ ಕೂತಿದ್ರೆ, ತೊಂದರೆ ನಿವಾರಣೆ ಆಯ್ತು ಅಂತ ನಾನು ಹೇಗೆ ಬರೀಲಿ?” ಆಮೇಲೆ ಮೆತ್ತಗೆ, ಸಮಾಧಾನ ಮಾಡುವವರ ಹಾಗೆ, “ಖಲಾಸ್. ಮನಸ್ಸಿಗೆ ಹಚ್ಕೋಬೇಡಿ,” ಎಂದರು.

ಎದುರಿಗೆ ಕುಳಿತ ಮನುಷ್ಯನನ್ನು ಅವರು ‘ಕಾರಣ’ ಎಂದು ಕರೆದರು. ಅದು ಕೇಳಿಸಿದ್ದು ನನಗೊಬ್ಬನಿಗೇ ಏನೋ ಎಂಬಂತೆ ಉಳಿದವರು ತಮ್ಮ ಕಾಗದ ಜೋಡಿಸಿಕೊಳ್ಳುತ್ತಿದ್ದರು. ವೀಸಾ ಕಂಪನಿಯದು. ಆಪರೇಟರದು ರದ್ದಾದರೆ ಹೆಂಡತಿ ಮಗಳದೂ ರದ್ದು. ಆಗಿನ್ನೂ ನವೆಂಬರ್.

ಇಷ್ಟಕ್ಕೇ ಮುಗಿದಿದ್ದರೆ, ಕೆಲಸದ ಊರುಗಳಲ್ಲಿ ನಡೆಯುವ ಅನ್ಯಾಯಗಳಲ್ಲಿ ಇದೂ ಒಂದು ಎಂದುಕೊಳ್ಳುತ್ತಿದ್ದೆ. ಆದರೆ ಮ್ಯಾನೇಜರಿಗೆ ಬೀಳ್ಕೊಡುಗೆಯೂ ಬೇಕಿತ್ತು. ಸಮೋಸ, ತಂಪು ಪಾನೀಯ, ಉಡುಗೊರೆಗೆ ಒಂದು ಗೋಡೆ ಗಡಿಯಾರ, ಮತ್ತು ಆ ಕೇಕು. ಭಾಷಣದಲ್ಲಿ, ನಮ್ಮ ಕುಟುಂಬದ ಸದಸ್ಯರೊಬ್ಬರು ತಾಯ್ನಾಡಿಗೆ ಮರಳುತ್ತಿದ್ದಾರೆ ಎಂದರು. ಚಪ್ಪಾಳೆಯಾಯಿತು. ಆಪರೇಟರ ಕೈಗೆ ಚಾಕು ಕೊಟ್ಟರು.

ಅವರು ಕೇಕನ್ನು ಸ್ವಲ್ಪ ಹೊತ್ತು ನೋಡಿದರು. “ಎಲ್ಲ ಸರಿ ಉಂಟು ಸರ್, ಒಂದು ಮರೆತಿದ್ದೀರಿ,” ಎಂದು ಮೇಜಿನ ಮೇಲಿದ್ದ ಕಾಗದದ ತಟ್ಟೆಯೊಂದನ್ನು ತೆಗೆದು ಕೇಕಿನ ಮುಂದೆ ಅಡ್ಡ ನಿಲ್ಲಿಸಿದರು. “ಈಗ ಸರಿಯಾಯ್ತು. ಕಾರ್ ಶೆಡ್.”

ಮ್ಯಾನೇಜರು ನಕ್ಕರು. ಎಲ್ಲರಿಗಿಂತ ಜೋರಾಗಿ, ನಿಜವಾಗಿ ಖುಷಿಪಟ್ಟು, ಆಪರೇಟರ ಬೆನ್ನು ತಟ್ಟುತ್ತಾ ನಕ್ಕರು. “ಸಿಗ್ನಲ್ ಬರೋದು ಇಲ್ಲಿಗೇ ಅಲ್ವೇನ್ರೀ?” ಎಂದು ಚೆರ್ರಿಯನ್ನು ಎರಡು ಬೆರಳಲ್ಲಿ ಕಿತ್ತು ಬಾಯಿಗೆ ಹಾಕಿಕೊಂಡರು. ಮೀಸೆಯ ತುದಿಗೆ ಕ್ರೀಮು ಅಂಟಿತ್ತು. ಅದನ್ನು ನಾಲಿಗೆಯಿಂದಲೇ ಸವರಿಕೊಂಡರು. ಆ ನಾಲಿಗೆಯನ್ನು ನಾನು ಇಂದಿಗೂ ಮರೆಯಲಾರೆ. ತಾನು ಮಾಡಿದ್ದು ಗೊತ್ತಿಲ್ಲದ ಮನುಷ್ಯನಾಗಿದ್ದರೆ ಕನಿಕರವಾದರೂ ಬರುತ್ತಿತ್ತು. ಇವರಿಗೆ ಎಲ್ಲ ಗೊತ್ತಿತ್ತು, ಮತ್ತು ಹಸಿವೂ ಇತ್ತು. ನನ್ನ ಪಾಲಿನ ತುಂಡನ್ನು ನಾನು ತಟ್ಟೆಸಮೇತ ಕಿಟಕಿಯ ಮೇಲಿಟ್ಟು ಹೊರಗೆ ಹೋದೆ.

ಆಪರೇಟರ ಸಂಸಾರ ಡಿಸೆಂಬರ್ ಮೊದಲ ವಾರ ಊರಿಗೆ ಹೊರಟಿತು. ಕೆಂಪು ಗೆರೆಗೆ ಮುಳ್ಳನ್ನು ತಂದು ನಿಲ್ಲಿಸಿದ ಮೇಲೆ ಚಿತ್ರ ಇನ್ನಷ್ಟು ಕೆಟ್ಟಿತು. ಆಗ ಕಂಪನಿ ‘ಕೇಂದ್ರದ ಸುಧಾರಣೆ’ ಎಂಬ ಹೊಸ ಸಲಹೆ ಕೊಟ್ಟಿತು: ಡಿಶ್ಶನ್ನು ಎತ್ತರದ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸುವುದು. ಕೂರಿಸಿದರು. ತಗಡಿನ ಮೇಲಿಂದ ಡಿಶ್ಶಿಗೆ ದಾರಿ ಸಿಕ್ಕಿತು. ಚಿತ್ರ ಕನ್ನಡಿಯಂತಾಯಿತು.

ಅದನ್ನು ನೋಡಲು ಸಾಹೇಬರು ಬಂದರು. ಹಿಂದಿ ಬಲ್ಲವರು. ಹತ್ತಿರವಿದ್ದ ನನ್ನನ್ನೇ ಕೇಳಿದರು, ಮೊದಲು ನೆಲದ ಮೇಲೆ ಚೆನ್ನಾಗಿಯೇ ಇತ್ತಲ್ಲ, ಕಟ್ಟೆ ಯಾಕೆ ಬೇಕಾಯಿತು? ಮ್ಯಾನೇಜರು ಬಾಯಿ ತೆರೆಯುವುದರೊಳಗೆ ನಾನು ಶೆಡ್ಡಿನ ಕಡೆ ಕೈ ತೋರಿಸಿದೆ.

“ಇದಕ್ಕಾಗಿಯಾ?” ಎಂದರು ಅವರು. “ನನ್ನನ್ನು ಯಾರೂ ಕೇಳಲೇ ಇಲ್ಲ. ನಾನು ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುವವನು. ಹೇಳಿದ್ದರೆ ಅವತ್ತೇ ಕೀಳಿಸುತ್ತಿದ್ದೆ.” ಮತ್ತೆ, “ಇಲ್ಲಿದ್ದ ಆ ಆಪರೇಟರ್ ಎಲ್ಲಿ?” ಎಂದರು.

ಹೇಳಿದೆ. ಅವರು ಮ್ಯಾನೇಜರ ಮುಖವನ್ನು ಒಮ್ಮೆ ನೋಡಿ ಹೋದರು. ಮಾರನೆಯ ದಿನದಿಂದ ಅವರ ಕಾರು ಗೇಟಿನ ಬಳಿ ಬಿಸಿಲಲ್ಲಿ ನಿಲ್ಲುತ್ತಿತ್ತು. ಶೆಡ್ಡಿನಲ್ಲಿ ಅವರು ಬಿಟ್ಟ ಜಾಗ ಎಲ್ಲಕ್ಕಿಂತ ತಂಪಾದದ್ದು. ಒಂದು ವಾರ ಅದು ಖಾಲಿಯಿತ್ತು. ಆಮೇಲೆ ಅಲ್ಲಿ ನಮ್ಮ ಮ್ಯಾನೇಜರ ಕಾರು ನಿಲ್ಲತೊಡಗಿತು.

ಸಾಹೇಬರು ಬಂದುಹೋದ ದಿನದ ಸಂಜೆಯೇ ನಾನು ರೂವಿಗೆ ಹೋಗಿ, ಬಸ್ ನಿಲ್ದಾಣದ ಹತ್ತಿರದ, ಕಾರ್ಡು ಹಾಕಿ ಮಾತಾಡುವ ಫೋನ್ ಬೂತಿನಿಂದ ಆಪರೇಟರ ಊರಿಗೆ ಕರೆ ಮಾಡಿದೆ. ಅವರ ಮನೆಯಲ್ಲಿ ಫೋನಿರಲಿಲ್ಲ, ನೆರೆಮನೆಯವರು ಕರೆದುಕೊಟ್ಟರು.

“ಮಗಳ ಪರೀಕ್ಷೆ?” ಎಂದೆ.

“ಇಲ್ಲಿಯ ಶಾಲೆಯವರು ಈ ವರ್ಷಕ್ಕೆ ತಗೊಳ್ಲಿಲ್ಲ. ಮುಂದಿನ ವರ್ಷ ಬರೀಬೇಕಂತೆ. ಅವಳು ನನ್ನ ಹತ್ರ ಮಾತು ಬಿಟ್ಟಿದ್ದಾಳೆ.” ಮತ್ತೆ ಕೇಳಿದರು, “ಪಟ ಈಗ ಹೇಗೆ ಬರ್ತದೆ?”

“ಚೆನ್ನಾಗಿ ಬರ್ತಿದೆ.”

“ಚುಕ್ಕಿ ಇಲ್ವಾ?”

“ಇಲ್ಲ.”

“ಹಾಗಾದ್ರೆ ಅದು ನನ್ನಿಂದಲೇ ಅಂತ ಆಯ್ತಲ್ಲ ಮಾರಾಯ್ರೆ.”

ಅಲ್ಲ, ಅಲ್ಲ ಎಂದು ಕಟ್ಟೆಯ ವಿಷಯ ಹೇಳಿದೆ. ಸಾಹೇಬರು ಕೇಳಿದ್ದನ್ನೂ ಹೇಳಿದೆ.

“ಇದನ್ನು ಮಗಳಿಗೆ ಒಮ್ಮೆ ಹೇಳ್ತೀರಾ? ಇಲ್ಲೇ ನಿಂತಿದ್ದಾಳೆ,” ಎಂದರು. “ನಾನು ಹೇಳಿದ್ರೆ ನಂಬುವುದಿಲ್ಲ.”

ಫೋನು ಕೈ ಬದಲಾಯಿತು. “ಹಲೋ ಅಂಕಲ್,” ಎಂದಿತು ಸಣ್ಣ ದನಿ. ಕಾರ್ಡಿನಲ್ಲಿ ಹೆಚ್ಚು ಹೊತ್ತು ಉಳಿದಿರಲಿಲ್ಲ. ನಾನು ತಗಡಿನ ಶೆಡ್ಡಿನಿಂದಲೇ ಶುರುಮಾಡಿದೆ.